ಕೂಲಿಯೂ ಸಂಭಾವನೆಯೂ

ಕೂಲಿ, ಸಂಬಳ, ವೇತನ, ಸಂಭಾವನೆ—ನಿಘಂಟನ್ನು ತೆರೆದು ನೋಡಿದರೆ ಈ ನಾಲ್ಕಕ್ಕೂ ಹೆಚ್ಚುಕಡಮೆ ಒಂದೇ ಅರ್ಥವು ದೊರೆಯುವುದು: ಮಾಡಿದ ಕೆಲಸಕ್ಕೆ ಸಲ್ಲುವ ಹಣ. ಆದರೆ ಹೊಲದಲ್ಲಿ ಕಳೆ ಕಿತ್ತವಳಿಗೆ ಸಂಜೆ ಕೊಡುವುದು ಕೂಲಿ. ಗುಮಾಸ್ತನಿಗೆ ತಿಂಗಳಿಗೊಮ್ಮೆ ಬರುವುದು ಸಂಬಳ. ಉಪನ್ಯಾಸ ಮಾಡಿದವನಿಗೆ ಸಲ್ಲಿಸುವುದು ಸಂಭಾವನೆ. ಈ ಭಾಷಣಕ್ಕಾಗಿ ನನಗೆ ಬರುವ ಮೊತ್ತವನ್ನು ಯಾರಾದರೂ ‘ಇಗೋ, ನಿಮ್ಮ ಕೂಲಿ’ ಎಂದು ಕೈಗಿತ್ತರೆ ಅದರಲ್ಲಿ ಒಂದು ಕಾಸೂ ಕಡಮೆಯಾಗದು. ನನ್ನ ಮುಖವು ಮಾತ್ರ ಸಪ್ಪಗಾದೀತು. ಸಂಭಾವನೆಯೆಂದರೆ ಗೌರವ, ಹಣವು ಅದರ ಮರೆಯಲ್ಲಿ ನಿಲ್ಲುವುದು.

ನಮ್ಮ ಆಲಂಕಾರಿಕರು ಇದನ್ನು ಅರಿಯದವರಲ್ಲ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ವಾಚ್ಯಾರ್ಥವನ್ನು ಮೀರಿ ತೋರುವ ಅರ್ಥವನ್ನು ಧ್ವನಿಯೆಂದು ಕರೆದು, ಅದೇ ಕಾವ್ಯದ ಆತ್ಮವೆಂದು ಸಾಧಿಸಿದನು. ಗಂಗೆಯಲ್ಲಿ ಗೊಲ್ಲರ ಹಟ್ಟಿಯಿದೆಯೆಂದರೆ, ಅದು ದಡದಲ್ಲಿದೆಯೆಂದು ಎಲ್ಲರೂ ಬಲ್ಲರು. ಆದರೆ ‘ದಡದಲ್ಲಿ’ ಎಂದರೆ ಬಾರದ ತಂಪೂ ಪಾವನತೆಯೂ ‘ಗಂಗೆಯಲ್ಲಿ’ ಎಂದಾಗ ಬರುವುವು. ಸೊಗಸಾದ ಉದಾಹರಣೆ, ಅದರಿಂದ ಯಾರಿಗೂ ನೋವಿಲ್ಲ. ಧ್ವನಿಯು ಕಾವ್ಯವನ್ನು ಬಿಟ್ಟು ಬೀದಿಗಿಳಿದಾಗ ಹೀಗಿರುವುದಿಲ್ಲ.

ಕೂಲಿಯೆಂಬ ಮಾತನ್ನೇ ನೋಡಿ. ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಅದು ದುಡಿಮೆಯ ಪ್ರತಿಫಲಕ್ಕೆ ಹೆಸರು. ಇಂಗ್ಲಿಷಿನವರ ‘ಕೂಲಿ’ಯ ಮೂಲವು ಇದೇ ಎಂದು ಕೆಲವು ವಿದ್ವಾಂಸರು, ಗುಜರಾತಿನ ಕೋಲಿ ಜನಾಂಗದ ಹೆಸರೆಂದು ಬೇರೆ ಕೆಲವರು. ಅದೇನೇ ಇರಲಿ, ಅವರ ಬಾಯಲ್ಲಿ ಅದು ದುಡಿಯುವ ಮನುಷ್ಯನ ಮೈಗೇ ಅಂಟಿಕೊಂಡಿತು. 1860ರಿಂದ ಕರಾರಿನ ಮೇಲೆ ದಕ್ಷಿಣ ಆಫ್ರಿಕದ ನೆಟಾಲಿಗೆ ಹೋಗಿ ಕಬ್ಬಿನ ತೋಟಗಳಲ್ಲಿ ದುಡಿದ ನಮ್ಮ ದೇಶದ ಆಳುಗಳನ್ನು ಬಿಳಿಯರು ಹಾಗೆಂದೇ ಕರೆದರು. ಬರಬರುತ್ತ ಕಸುಬಿನ ವಿವೇಚನೆಯೂ ಹೋಯಿತು. ಅಂಗಡಿಯಿಟ್ಟವನು ಕೂಲಿ ವರ್ತಕ. 1893ರಲ್ಲಿ ಅಲ್ಲಿಗೆ ಹೋದ ಗಾಂಧಿಯವರು ಕೂಲಿ ಬ್ಯಾರಿಸ್ಟರ್. ತಮಿಳರ ಹೆಸರುಗಳ ಕೊನೆಯಲ್ಲಿ ಬರುವ ‘ಸಾಮಿ’ಯೂ ಅಲ್ಲಿ ಹೀನಾಯದ ಮಾತಾಯಿತು. ಸಾಮಿಯೆಂದರೆ ಸ್ವಾಮಿ, ಒಡೆಯ! ತಮ್ಮ ಆಳನ್ನು ಒಡೆಯನೆಂದು ಕರೆಯುತ್ತಿದ್ದೇವೆಂಬುದು ಆ ಬಿಳಿಯರಲ್ಲಿ ಎಷ್ಟು ಮಂದಿಗೆ ತಿಳಿದಿತ್ತೋ. ಬ್ಯಾರಿಸ್ಟರನಿಗೂ ದಿನಗೂಲಿಗೂ ಏನು ಸಂಬಂಧವೆಂದು ನಿಘಂಟನ್ನು ಕೇಳಿ ಫಲವಿಲ್ಲ. ಆಡಿದವನ ತಿರಸ್ಕಾರವೇ ಅಲ್ಲಿ ಅರ್ಥ.

ಈ ಕಾರಣದಿಂದ ನಮ್ಮ ವಿದ್ಯಾವಂತರಲ್ಲಿ ಕೆಲವರು ಕೂಲಿಯವನೆಂಬುದನ್ನು ಅಳಿಸಿ ಶ್ರಮಜೀವಿಯೆಂದು ಬರೆಯುವರು. ಅವರ ಸದುದ್ದೇಶವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ, ಇಂಗ್ಲಿಷಿನಲ್ಲಿ ಮೆತ್ತಿದ ಕೆಸರನ್ನು ನಮ್ಮ ಮಾತಿನಲ್ಲಿಯೂ ಕಾಣುವುದು ಸರಿಯೆಂದು ನನಗೆ ತೋರದು. ‘ಕೂಲಿ ಮಾಡಿ ಮಕ್ಕಳನ್ನು ಓದಿಸಿದೆ, ಸ್ವಾಮಿ’ ಎನ್ನುವ ತಾಯಂದಿರನ್ನು ತಾವೂ ಕೇಳಿರಬಹುದು. ಆ ಮಾತನ್ನಾಡುವಾಗ ಅವರು ತಲೆ ತಗ್ಗಿಸುವುದಿಲ್ಲ.