ಹಿಮಾಲಯ ದಾಟಿ ಮಾಗಡಿ ಕೆರೆಗೆ

ಹಾವೇರಿ ಜಿಲ್ಲೆಯ ಬಂಕಾಪುರದ ಮಕ್ಕಳಿಗೆ ನವಿಲಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಕೋಟೆಯೊಳಗೆ ನವಿಲುಧಾಮವೇ ಇದೆ. ಅಲ್ಲಿನ ನಗರೇಶ್ವರ ಗುಡಿ ನೋಡಲು ಹೋದವರ ಕಿವಿಗೂ ನವಿಲಿನ ಕೂಗು ಬೀಳುತ್ತದೆ. ನವಿಲು ಊರು ಬಿಟ್ಟು ದೂರ ಹೋಗುವ ಹಕ್ಕಿಯಲ್ಲ. ಹುಟ್ಟಿದ ಆಸುಪಾಸಿನಲ್ಲೇ ಮೇಯ್ದು, ಅಲ್ಲೇ ಮರಿ ಮಾಡಿಕೊಂಡಿರುತ್ತದೆ.

ಇವತ್ತು ನಾನು ಹೇಳಹೊರಟಿರುವುದು ಪರದೇಶದ ಹಕ್ಕಿಯ ಕಥೆ. ಅಪರೂಪದ ಹಕ್ಕಿ ನೋಡಲೆಂದೇ ವಿಮಾನ ಹತ್ತಿ ದೇಶದೇಶ ಸುತ್ತುವವರಿದ್ದಾರೆ. ನಮಗೆ ಅಷ್ಟು ಖರ್ಚಿಲ್ಲ. ಬಂಕಾಪುರದಿಂದ ಸವಣೂರು, ಲಕ್ಷ್ಮೇಶ್ವರ ದಾಟಿ ಹೋದರೆ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಸಿಗುತ್ತದೆ. ಕೆಂಪೇಗೌಡರ ಮಾಗಡಿ ಅಲ್ಲ ಮತ್ತೆ, ಅದು ಬೆಂಗಳೂರಿನ ಕಡೆಯದು! ಈ ಮಾಗಡಿಯ ಕೆರೆಗೆ ಚಳಿಗಾಲ ಬಂತೆಂದರೆ ಪಟ್ಟೆ ತಲೆ ಹೆಬ್ಬಾತುಗಳು ಹಿಂಡುಹಿಂಡಾಗಿ ಬಂದಿಳಿಯುತ್ತವೆ.

ಗುರುತು ಹಿಡಿಯುವುದು ಸುಲಭ. ಬೂದು ಮೈ, ಬಿಳಿ ತಲೆ, ಹಳದಿ ಕೊಕ್ಕು. ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ. ತೂಕ ಎರಡು ಮೂರು ಕಿಲೋ ಅಷ್ಟೇ. ಆದರೆ ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಸುಮಾರು ಒಂದೂವರೆ ಮೀಟರ್. ನೀರಲ್ಲಿ ತೇಲುವುದನ್ನು ಕಂಡು ಇದು ಮೀನು ತಿನ್ನುತ್ತದೆ ಅಂದುಕೊಳ್ಳಬೇಡಿ. ಇದರ ಊಟ ಹುಲ್ಲು, ಕಾಳು, ಎಳೆ ಪೈರು. ಕೊಕ್ಕಿನ ಅಂಚಿಗೆ ಸಣ್ಣ ಸಣ್ಣ ಏಣುಗಳಿವೆ. ಹುಲ್ಲನ್ನು ಕಚ್ಚಿ ಹರಿಯಲು ಅವೇ ಸಾಧನ. ಸುತ್ತಲಿನ ಶೇಂಗಾ, ಕಡಲೆ ಹೊಲಗಳಲ್ಲಿ ಮೇಯುತ್ತದೆ. ದಣಿವಾರಿಸಿಕೊಳ್ಳಲು ಕೆರೆ ಬೇಕು.

ಇವು ಬೇಸಿಗೆಯಲ್ಲಿ ಮರಿ ಮಾಡುವುದು ಮಂಗೋಲಿಯಾ, ಟಿಬೆಟ್ ಕಡೆಯ ಸರೋವರಗಳ ದಂಡೆಯಲ್ಲಿ. ಚಳಿಗಾಲಕ್ಕೆ ಅಲ್ಲಿ ನೀರು ಹೆಪ್ಪುಗಟ್ಟುತ್ತದೆ, ಹುಲ್ಲಿನ ಮೇಲೆ ಹಿಮ ಕೂರುತ್ತದೆ. ಮೇವಿಲ್ಲದ ಕಡೆ ಯಾರಿರುತ್ತಾರೆ? ದಕ್ಷಿಣಕ್ಕೆ ಹೊರಡುತ್ತವೆ. ದಾರಿಗೆ ಅಡ್ಡ ನಿಂತಿರುವುದು ಹಿಮಾಲಯ.

ಹೆಬ್ಬಾತಿನ ಮೈಗೆ ಪುಟ್ಟ ಯಂತ್ರ ಕಟ್ಟಿ ವಿಜ್ಞಾನಿಗಳು ಹಿಂಬಾಲಿಸಿದ್ದಾರೆ. ಒಂದು ಹಕ್ಕಿಯಂತೂ 7,000 ಮೀಟರಿಗೂ ಮೇಲೆ ಹಾರಿತ್ತು. ಆದರೆ ಸಾಮಾನ್ಯವಾಗಿ ಅವು ಶಿಖರದ ಗೊಡವೆಗೆ ಹೋಗದೆ, ಬೆಟ್ಟಗಳ ನಡುವಿನ ಕಣಿವೆ ಹುಡುಕಿಕೊಂಡು, ನೆಲ ಏರಿದಲ್ಲಿ ಏರಿ ಇಳಿದಲ್ಲಿ ಇಳಿದು ಸಾಗುತ್ತವೆ. ಹದ್ದಿನ ಹಾಗೆ ರೆಕ್ಕೆ ಚಾಚಿ ತೇಲುವ ಅಭ್ಯಾಸ ಇವಕ್ಕಿಲ್ಲ. ದಾರಿಯುದ್ದಕ್ಕೂ ರೆಕ್ಕೆ ಬಡಿಯುತ್ತಲೇ ಇರಬೇಕು.

ಏಳು ಸಾವಿರ ಮೀಟರ್ ಎತ್ತರದಲ್ಲಿ ಗಾಳಿ ತೀರಾ ತೆಳು. ಇಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕದ ಅರ್ಧದಷ್ಟೂ ಅಲ್ಲಿ ಸಿಗದು. ನಾಲ್ಕು ಹೆಜ್ಜೆ ಇಟ್ಟರೆ ಮನುಷ್ಯರಿಗೆ ಏದುಸಿರು ಬರುತ್ತದೆ. ಹೆಬ್ಬಾತಿಗೆ ಹೇಗೆ ಸಾಧ್ಯ?

ಎದೆಯ ಮೇಲೆ ಕೈಯಿಟ್ಟು ಒಮ್ಮೆ ಉಸಿರಾಡಿ ನೋಡಿ. ಗಾಳಿ ಒಳಗೆ ಹೋಯಿತು, ಬಂದ ದಾರಿಯಲ್ಲೇ ಹೊರಗೆ ಬಂತು. ನಮ್ಮ ಶ್ವಾಸಕೋಶ ಒಂದೇ ಬಾಗಿಲಿನ ಕೋಣೆ. ಪೂರ್ತಿ ಖಾಲಿಯಾಗುವುದೇ ಇಲ್ಲ, ಹಳೆಯ ಗಾಳಿ ಒಂದಿಷ್ಟು ಮೂಲೆಯಲ್ಲಿ ಉಳಿದೇ ಉಳಿಯುತ್ತದೆ. ಹಕ್ಕಿಯ ಶ್ವಾಸಕೋಶಕ್ಕಾದರೋ ಮುಂಬಾಗಿಲೂ ಇದೆ, ಹಿತ್ತಲ ಬಾಗಿಲೂ ಇದೆ. ಎರಡೂ ತೆರೆದ ಮನೆಯಲ್ಲಿ ಗಾಳಿ ಹೇಗೆ ಒಂದೇ ದಿಕ್ಕಿಗೆ ಬೀಸಿ ಹೋಗುತ್ತದೆ, ನೋಡಿದ್ದೀರಲ್ಲ?

ಈ ಕೆಲಸ ಮಾಡಿಸುವುದು ಹಕ್ಕಿಯ ಮೈಯೊಳಗಿನ ಗಾಳಿಚೀಲಗಳು. ಉಸಿರು ಎಳೆದಾಗ ಹೊಸ ಗಾಳಿಯಲ್ಲಿ ಬಹುಪಾಲು ಹಿಂದಿನ ಚೀಲಗಳಿಗೆ ಹೋಗಿ ತುಂಬುತ್ತದೆ, ಉಳಿದದ್ದು ಶ್ವಾಸಕೋಶಕ್ಕೆ. ಉಸಿರು ಬಿಡುವಾಗ ಅದು ಶ್ವಾಸಕೋಶದ ಮೂಲಕ ಹಾಯುತ್ತದೆ. ಆಮೇಲೆ ಮುಂದಿನ ಚೀಲಗಳನ್ನು ಸೇರಿ, ಅಲ್ಲಿಂದ ಆಚೆ. ಹಾಗಾಗಿ ಎಳೆದಾಗಲೂ ಬಿಟ್ಟಾಗಲೂ ಶ್ವಾಸಕೋಶಕ್ಕೆ ತಾಜಾ ಗಾಳಿಯೇ.

ಹಾಗಾದರೆ ನವಿಲೂ ಹಿಮಾಲಯ ದಾಟಬಹುದಲ್ಲ ಎಂದು ನಿಮ್ಮಲ್ಲಿ ಯಾರೋ ಕೇಳಿಯೇ ಕೇಳುತ್ತೀರಿ. ಒಳ್ಳೆಯ ಪ್ರಶ್ನೆ. ಗಾಳಿಚೀಲ ನವಿಲಿಗೂ ಉಂಟು. ಆದರೆ ಹೆಬ್ಬಾತಿಗೆ ಇನ್ನೂ ಕೆಲವು ಅನುಕೂಲಗಳಿವೆ. ಅದರ ಶ್ವಾಸಕೋಶ ದೊಡ್ಡದು, ಉಸಿರು ಆಳ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಕೂಡ ತುಸು ಬೇರೆ ತರಹದ್ದು; ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಜೊತೆಗೆ ಅದು ಹೆಚ್ಚಾಗಿ ರಾತ್ರಿ, ಬೆಳಗಿನ ಜಾವ ಬೆಟ್ಟ ಹತ್ತುತ್ತದೆ. ಆ ಹೊತ್ತಿನ ತಣ್ಣನೆಯ ಗಾಳಿ ಸ್ವಲ್ಪ ದಟ್ಟ. ರೆಕ್ಕೆಗೆ ಆಸರೆ ಹೆಚ್ಚು.

ಇಷ್ಟು ದೂರ ಹಾರಿ ಬಂದ ಹಕ್ಕಿಗೆ ಇಳಿಯಲು ಕೆರೆ ಇರಬೇಕಲ್ಲ. 1971ರಲ್ಲಿ ಇರಾನಿನ ರಾಮ್ಸರ್ ಎಂಬ ಊರಲ್ಲಿ, ಇಂಥ ನೀರಿನ ತಾಣಗಳನ್ನು ಕಾಯೋಣವೆಂದು ಹಲವು ದೇಶಗಳು ಒಪ್ಪಂದ ಮಾಡಿಕೊಂಡವು. ಮಾಗಡಿ ಕೆರೆ 2024ರಲ್ಲಿ ಆ ಒಪ್ಪಂದದ ತಾಣಗಳ ಪಟ್ಟಿ ಸೇರಿತು. ಜೊತೆಗೇ ಸೇರಿದ ಇನ್ನೊಂದು ತಾಣ ಕುಮಟಾ ಹತ್ತಿರದ ಅಘನಾಶಿನಿ ಅಳಿವೆ, ಅಂದರೆ ನದಿ ಸಮುದ್ರ ಕೂಡುವ ಜಾಗ. ನೀರು ಇಳಿದಾಗ ಅಲ್ಲಿನ ಕೆಸರಲ್ಲಿ ದೂರದೇಶದ ಗದ್ದೆಗೊರವಗಳು ಹುಳ ಹೆಕ್ಕುತ್ತವೆ.  

ಮಾಗಡಿಗೆ ಹೋಗುವುದಾದರೆ ಡಿಸೆಂಬರ್, ಜನವರಿ ಒಳ್ಳೆಯದು. ಕೂಗಾಡಬೇಡಿ, ಹಿಂಡನ್ನು ಎಬ್ಬಿಸಬೇಡಿ. ಒಮ್ಮೆ ಹೆದರಿ ಎದ್ದರೆ ಅವುಗಳ ಶಕ್ತಿ ಸುಮ್ಮನೆ ಪೋಲು. ದುರ್ಬೀನು ಸಿಕ್ಕರೆ ಒಂದೊಂದೇ ಕತ್ತು ನೋಡುತ್ತಾ ಬನ್ನಿ. ಮಂಗೋಲಿಯಾದಲ್ಲಿ ಕೆಲವು ಹೆಬ್ಬಾತುಗಳ ಕತ್ತಿಗೆ ಅಕ್ಷರ, ಅಂಕಿ ಬರೆದ ಪಟ್ಟಿ ತೊಡಿಸಿರುತ್ತಾರೆ. ಅಂಥ ಹಕ್ಕಿಗಳು ಕರ್ನಾಟಕದಲ್ಲೂ ಕಂಡಿವೆ. ಕಣ್ಣಿಗೆ ಬಿದ್ದರೆ ಪಟ್ಟಿಯ ಬಣ್ಣ, ಅಕ್ಷರ, ಅಂಕಿ, ನೋಡಿದ ದಿನ ಎಲ್ಲ ಬರೆದುಕೊಂಡು ಅಲ್ಲಿನ ಅರಣ್ಯ ಇಲಾಖೆಯವರಿಗೆ ಕೊಡಿ. ಅದು ಎಲ್ಲಿಂದ ಹೊರಟ ಹಕ್ಕಿ ಎಂದು ಅದರಿಂದ ಪತ್ತೆ ಹಚ್ಚಬಹುದು.