ಗೆರೆಯಾಚೆಯ ಆಟಗಾರರು

ಕ್ರಿಕೆಟ್ ಆಟದಲ್ಲಿ ಒಂದೊಂದು ಪಕ್ಷಕ್ಕೆ ಹನ್ನೊಂದು ಮಂದಿ ಆಟಗಾರರೆಂದು ನಿಯಮ ಹೇಳುತ್ತದೆ. ಆದರೆ ಭಾನುವಾರ ಬೆಳಿಗ್ಗೆ ನಮ್ಮ ನಗರದ ಯಾವುದಾದರೊಂದು ಮೈದಾನಕ್ಕೆ ಹೋಗಿ, ಹನ್ನೆರಡು ವರ್ಷದೊಳಗಿನ ಹುಡುಗರ ಪಂದ್ಯವನ್ನು ಅರ್ಧ ಗಂಟೆ ನೋಡಿದವರಿಗೆ ಈ ಲೆಕ್ಕ ತಪ್ಪೆಂದು ತೋರದೆ ಇರದು. ಎರಡು ಪಕ್ಷಗಳಿಗೂ ಸೇರಿ ಬಾಲಕರು ಇಪ್ಪತ್ತೆರಡು ಮಂದಿಯಾದರೆ, ಬೌಂಡರಿ ಗೆರೆಯ ಹೊರಗೆ ನಿಂತು, ದಾಂಡಿಲ್ಲದೆ ಚೆಂಡಿಲ್ಲದೆ, ಕೇವಲ ಕಂಠಬಲದಿಂದ ಆಡತಕ್ಕವರು ಅವರ ಇಮ್ಮಡಿ. ಇವರು ಆ ಬಾಲಕರ ತಂದೆತಾಯಂದಿರು. ಶ್ರೋತೃಗಳೇ, ಈ ಗೆರೆಯಾಚೆಯ ಆಟಗಾರರ ವಿಷಯವಾಗಿ ಈ ದಿನ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ. ಇತರರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಏಕೆಂದರೆ ಆ ಗುಂಪಿನಲ್ಲಿ ನಾವೂ ಒಬ್ಬರಾಗಿದ್ದೆವು.

ಅಲ್ಲಿ ನಡೆಯುವುದೇನು? ಬೌಲರು ಓಡಿ ಬರುತ್ತಿರುವಾಗಲೇ “ಎಡಗಾಲು ಮುಂದಕ್ಕಿಡೋ” ಎಂದು ತಂದೆ ಕೂಗುತ್ತಾನೆ. “ಎತ್ತಿ ಹೊಡಿ” ಎಂದು ಚಿಕ್ಕಪ್ಪ ಕೂಗುತ್ತಾನೆ. ಚೆಂಡನ್ನು ನೆಲಕ್ಕೇ ಆಡಬೇಕೆಂದು ತರಬೇತುದಾರರು ವಾರವೆಲ್ಲ ಹೇಳಿಕೊಟ್ಟಿರುತ್ತಾರೆ. ಮೂವರು ಗುರುಗಳ ಮಧ್ಯೆ ಸಿಕ್ಕಿದ ಶಿಷ್ಯ ಯಾರ ಮಾತನ್ನು ನಡೆಸಬೇಕು? ಅವನು ಯಾವುದನ್ನೂ ನಡೆಸಲಾರದೆ ಔಟಾಗುತ್ತಾನೆ. ಅಂಪೈರು ಬೆರಳೆತ್ತಿದ ಕೂಡಲೇ ಗೆರೆಯ ಬಳಿ ನ್ಯಾಯಾಲಯ ಕೂಡುತ್ತದೆ. ಆ ಅಂಪೈರು ಸಾಮಾನ್ಯವಾಗಿ ಅಲ್ಪ ಸಂಭಾವನೆಗಾಗಿ ಬಿಸಿಲಿನಲ್ಲಿ ನಿಂತ ಕಾಲೇಜು ವಿದ್ಯಾರ್ಥಿ. ಅವನ ಕಣ್ಣು, ಅವನ ಪ್ರಾಮಾಣಿಕತೆ ಎಲ್ಲವೂ ಅಲ್ಲಿ ವಿಚಾರಣೆಗೆ ಬರುತ್ತವೆ. ಎದುರು ಪಕ್ಷದ ಪೋಷಕರು ಅವನ ಪರವಾಗಿ ನಿಲ್ಲುತ್ತಾರೆ, ಜಗಳ ಬೆಳೆಯುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಗೆ ಇಲ್ಲಿ ಹೊಸದೊಂದು ಅರ್ಥ ದೊರೆಯುತ್ತದೆ.

ನಮ್ಮ ಸ್ವಂತ ಅಪರಾಧವನ್ನು ಮುಚ್ಚಿಡುವುದಿಲ್ಲ. ಹತ್ತು ವರ್ಷದ ನಮ್ಮ ಮಗನಿಗೆ ಒಮ್ಮೆ ಎಲ್‌ಬಿಡಬ್ಲ್ಯು ತೀರ್ಪಾಯಿತು. ಚೆಂಡು ಮೊದಲು ದಾಂಡಿಗೆ ತಗುಲಿತ್ತೆಂದು ಎಪ್ಪತ್ತು ಗಜ ದೂರದಲ್ಲಿದ್ದ ನಮಗೆ ಸ್ಪಷ್ಟವಾಗಿ ಕಂಡಿತು. ಇಪ್ಪತ್ತೆರಡು ಗಜ ದೂರದಲ್ಲಿದ್ದ ಅಂಪೈರಿಗೆ ಕಾಣಲಿಲ್ಲ! ನಾವು ಗೆರೆ ದಾಟಿ ಒಳಹೊಕ್ಕು ಆ ಯುವಕನಿಗೆ ಆಡಬಾರದ ಮಾತುಗಳನ್ನಾಡಿದೆವು. ಮಗ ತಲೆ ತಗ್ಗಿಸಿಕೊಂಡು ನಮ್ಮ ಪಕ್ಕದಲ್ಲಿಯೇ ಹಾದುಹೋದನು. ರಾತ್ರಿ ಊಟಕ್ಕೆ ಕುಳಿತಾಗ, ಅನ್ನವನ್ನು ಕಲಸುತ್ತ, ಮುಖವೆತ್ತದೆ ಹೇಳಿದನು: “ಅಪ್ಪ, ಮುಂದಿನ ಭಾನುವಾರ ನೀವು ಬರಬೇಡಿ.” ಏಕೆಂದು ಕೇಳಿದೆವು. “ನೀವು ಬಂದರೆ ನನಗೆ ಚೆಂಡು ಕಾಣಿಸುವುದಿಲ್ಲ” ಎಂದನು.

ನಮಗೆ ಮೊದಲು ಬಂದದ್ದು ಕೋಪ. ಐದು ಗಂಟೆಗೆ ಏಳುವುದು, ತರಬೇತಿಯ ಶುಲ್ಕ, ದಾಂಡಿನ ಬೆಲೆ, ವರ್ಷಕ್ಕೆರಡು ಜೊತೆ ಬೂಟು ಇವೆಲ್ಲ ಒಂದು ಪಟ್ಟಿಯಾಗಿ ಮನಸ್ಸಿನ ಮುಂದೆ ನಿಂತವು. ಅನಂತರ ಒಂದು ಸಂಗತಿ ಹೊಳೆಯಿತು. ಗೆರೆಯ ಬಳಿ ನಿಂತು ಅಷ್ಟು ದಿನ ಕೂಗಿದ್ದು ವಾತ್ಸಲ್ಯವೊಂದೇ ಅಲ್ಲ, ಈ ಪಟ್ಟಿಯೂ ಕೂಗಿತ್ತು. ಅದರ ಹಿಂದೆ, ಬಾಲ್ಯದಲ್ಲಿ ಶಾಲೆಯ ತಂಡಕ್ಕೆ ಸೇರಲಾರದೆ ಹೋದ ನಮ್ಮದೇ ಹಳೆಯ ಆಸೆಯೂ ಕೂಗಿತ್ತು. ಮಗ ಆಡುತ್ತಿದ್ದದ್ದು ತನ್ನ ಆಟವನ್ನಲ್ಲ, ನಮ್ಮ ಬಾಕಿಯನ್ನು ತೀರಿಸುತ್ತಿದ್ದನು. ಹತ್ತು ವರ್ಷದ ಹೆಗಲಿಗೆ ಇದು ಸಣ್ಣ ಭಾರವಲ್ಲ.

ಇದು ನಮ್ಮ ದೇಶಕ್ಕೆ ಮಾತ್ರ ಅಂಟಿದ ರೋಗವೂ ಅಲ್ಲ. ಅಮೆರಿಕಾ ದೇಶದ ಒಹಾಯೋ ಸಂಸ್ಥಾನದಲ್ಲಿ ಬಾಲಕಿಯರ ಫುಟ್‌ಬಾಲ್ ಸಂಘವೊಂದು 1999ರಲ್ಲಿ ಒಂದು ಭಾನುವಾರವನ್ನು ಮೌನದ ಭಾನುವಾರವೆಂದು ಗೊತ್ತುಮಾಡಿ, ಆ ದಿನ ಪೋಷಕರು ಕೂಗಕೂಡದೆಂದು ವಿಧಿಸಿತು. ಮರುವರ್ಷವೇ, 2000ದ ಜುಲೈ ತಿಂಗಳಲ್ಲಿ, ಅದೇ ದೇಶದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಘೋರವೊಂದು ನಡೆಯಿತು. ಹುಡುಗರ ಐಸ್ ಹಾಕಿ ಅಭ್ಯಾಸದಲ್ಲಿ ಆಟ ಬಹಳ ಒರಟಾಯಿತೆಂದು ಆಕ್ಷೇಪಿಸಿದ ತಂದೆಯೊಬ್ಬನು, ಅಭ್ಯಾಸವನ್ನು ನೋಡಿಕೊಳ್ಳುತ್ತಿದ್ದ ಇನ್ನೊಬ್ಬ ತಂದೆಯನ್ನು ಮಕ್ಕಳ ಕಣ್ಣೆದುರಿಗೇ ಹೊಡೆದನು. ಪೆಟ್ಟು ತಿಂದವನು ಬದುಕಲಿಲ್ಲ. ಹೊಡೆದವನಿಗೆ 2002ರಲ್ಲಿ ಆರರಿಂದ ಹತ್ತು ವರ್ಷಗಳ ಸೆರೆವಾಸವಾಯಿತು. ಒರಟುತನವನ್ನು ತಡೆಯಹೊರಟವನೇ ಈ ಕೃತ್ಯವನ್ನೆಸಗಿದನೆಂಬುದನ್ನು ನಾವು ಮರೆಯಬಾರದು. ತಮ್ಮ ಪಕ್ಷದಲ್ಲಿ ನ್ಯಾಯವಿದೆ ಎಂಬ ನಂಬಿಕೆಯೇ ಇಂಥವರನ್ನು ಗೆರೆ ದಾಟಿಸುತ್ತದೆ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯು 2008ರಲ್ಲಿ ಗೌರವವೆಂಬ ಹೆಸರಿನ ಕಾರ್ಯಕ್ರಮವನ್ನು ಆರಂಭಿಸಿ, ಮಕ್ಕಳ ಪಂದ್ಯಗಳಲ್ಲಿ ಪ್ರೇಕ್ಷಕರನ್ನು ಆಟದ ಗೆರೆಯಿಂದ ದೂರವಿರಿಸಲು ಪ್ರತ್ಯೇಕ ಸ್ಥಳವನ್ನು ಗೊತ್ತುಮಾಡುವ ಪದ್ಧತಿಯನ್ನು ತಂದಿತು. ಮಕ್ಕಳಿಗೆ ಬೇಕಾದ ಬೇಲಿಯನ್ನು ದೊಡ್ಡವರಿಗೆ ಹಾಕಬೇಕಾಗಿ ಬಂದುದು ವಿಚಿತ್ರವಲ್ಲವೆ?

ಮಗ ಗೆಲ್ಲಲಿ ಎಂಬ ಆಸೆ ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಸೋಲಿಗೆ ಮಕ್ಕಳ ಜೀವನದಲ್ಲಿ ಒಂದು ಸ್ಥಾನವಿದೆ. ಬೆಂಗಳೂರಿನ ಪ್ರಕಾಶ್ ಪಡುಕೋಣೆಯವರ ಹೆಸರನ್ನು ಅರಿಯದವರಾರು? ಅವರಿಗೆ ಬ್ಯಾಡ್ಮಿಂಟನ್ ಆಟವನ್ನು ಪರಿಚಯ ಮಾಡಿಸಿದವರು ಅವರ ತಂದೆ ರಮೇಶ್ ಪಡುಕೋಣೆಯವರು. ಏಳು ವರ್ಷದ ಆಸುಪಾಸಿನ ಬಾಲಕ 1962ರಲ್ಲಿ ರಾಜ್ಯದ ಕಿರಿಯರ ಪಂದ್ಯಾವಳಿಗೆ ಇಳಿದು ಮೊದಲನೆಯ ಸುತ್ತಿನಲ್ಲಿಯೇ ಸೋತನು. ಎರಡು ವರ್ಷಗಳ ಅನಂತರ ಅದೇ ಪ್ರಶಸ್ತಿಯನ್ನು ಗೆದ್ದನು. ಆತನೇ 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದುಬಂದನು. ಮೊದಲನೆಯ ಸುತ್ತಿನ ಸೋಲನ್ನು ಮನೆಯ ಮಾನಹಾನಿಯೆಂದು ಭಾವಿಸುವ ಪೋಷಕರು ಆ ಎರಡು ವರ್ಷಗಳನ್ನು ನೆನೆಯಬೇಕು. ಮಕ್ಕಳೆಲ್ಲರೂ ಪ್ರಕಾಶರಾಗುವುದಿಲ್ಲ, ಆಗಬೇಕಾದುದೂ ಇಲ್ಲ. ಆದರೆ ಸೋತು ಮನೆಗೆ ಬಂದು, ಹೊಟ್ಟೆತುಂಬ ಉಂಡು, ಮರುದಿನ ಪುನಃ ಆಡಲು ಹೊರಡುವ ಧೈರ್ಯ ಪ್ರತಿಯೊಂದು ಮಗುವಿಗೂ ಬೇಕು. ಆ ಧೈರ್ಯವನ್ನು ಕೊಡುವವರೂ ಕಸಿಯುವವರೂ ನಾವೇ.

ಹಾಗಾದರೆ ಮಾಡತಕ್ಕುದೇನು? ಮಗುವಿನ ಆಟ ನೋಡಲು ಹೋಗಕೂಡದೆಂದೇನೂ ಅಲ್ಲ. ಹೋಗಿ, ಗೆರೆಯಿಂದ ಹತ್ತು ಮಾರು ಹಿಂದೆ, ಸಾಧ್ಯವಾದರೆ ಮರದ ನೆರಳಿನಲ್ಲಿ ಕುಳಿತುಕೊಳ್ಳಬಹುದು. ಕಲಿಸುವ ಕೆಲಸವನ್ನು ಕಲಿಸುವವರಿಗೆ ಬಿಡಬಹುದು. ಎದುರು ಪಕ್ಷದ ಹುಡುಗ ಒಳ್ಳೆಯ ಹೊಡೆತ ಹೊಡೆದರೆ ಚಪ್ಪಾಳೆ ತಟ್ಟಬಹುದು. ಅವನೂ ಒಬ್ಬರ ಮಗನೇ. ಆಟ ಮುಗಿದ ಮೇಲೆ ಅಂಪೈರಿಗೆ ಒಂದು ನಮಸ್ಕಾರ ಹೇಳಬಹುದು. ಎಲ್ಲಕ್ಕಿಂತ ಕಷ್ಟವಾದುದು ಮನೆಯ ದಾರಿ. ಆ ದಾರಿಯಲ್ಲಿ ಮಗು ತಾನಾಗಿ ಎತ್ತದ ಹೊರತು ಪಂದ್ಯದ ಮಾತನ್ನೆತ್ತದೆ, “ಹಸಿವಾಯಿತೆ?” ಎಂದು ಮಾತ್ರ ಕೇಳುವುದನ್ನು ನಾವು ಬಹಳ ಪ್ರಯಾಸದಿಂದ ಕಲಿತೆವು.

ನಾವು ಮೂರು ಭಾನುವಾರ ಮನೆಯಲ್ಲಿಯೇ ಉಳಿದೆವು. ನಾಲ್ಕನೆಯ ಭಾನುವಾರ ಮಗ ಬೂಟಿನ ದಾರ ಕಟ್ಟುತ್ತ, “ಬೇಕಾದರೆ ಬನ್ನಿ, ಆದರೆ ದೂರ ಕೂತುಕೊಳ್ಳಿ” ಎಂದು ಅಪ್ಪಣೆ ಕೊಟ್ಟನು. ಹೋಗಿ ದೂರ ಕುಳಿತೆವು. ಆ ಯುವಕನೇ ಅಂದೂ ಅಂಪೈರಾಗಿದ್ದನು. ಪಂದ್ಯಕ್ಕೆ ಮೊದಲೇ ಹೋಗಿ ಕ್ಷಮೆ ಕೇಳಿದೆವು. ಮಗ ಹನ್ನೊಂದು ರನ್ನು ಮಾಡಿ ಔಟಾದನು. ಮನೆಗೆ ಬರುವ ದಾರಿಯುದ್ದಕ್ಕೂ ಆ ಹನ್ನೊಂದು ರನ್ನುಗಳ ಕಥೆಯನ್ನು ಅವನೇ ಹೇಳಿದನು, ನಾವು ಕೇಳಿದೆವು.