ದನಿ ಗುತ್ತಿಗೆಗೆ ಕೊಡಿ, ಕ್ರಯ ಮಾಡ್ಕೊಡಬೇಡಿ

ಇವತ್ತಿನ ವಿಷಯ ಎಐ ಮತ್ತು ಮನರಂಜನೆ. "ಎಐ ಬಂದ್ರೆ ಕಲಾವಿದರ ಕಥೆ ಮುಗೀತಾ?" ಅನ್ನೋ ಪ್ರಶ್ನೆ ಕೇಳಿ ಕೇಳಿ ನಿಮಗೂ ಸಾಕಾಗಿರುತ್ತೆ. ಹಾಗಾಗಿ ನಾನು ಅದರೊಳಗಿನ ಒಂದೇ ಒಂದು ವಸ್ತು ತಗೊಂಡು ಮಾತಾಡ್ತೀನಿ: ಮನುಷ್ಯನ ದನಿ. ನನ್ನ ಅನ್ನ ಹುಟ್ಟೋದೇ ಅದರಿಂದ.

ಮೊದಲು ಒಳ್ಳೇ ಸುದ್ದಿ. 2025ರಲ್ಲಿ 'ಲವ್ ಯೂ' ಅಂತ ಒಂದು ಕನ್ನಡ ಸಿನಿಮಾ ಬಂತು. ಬಜೆಟ್ ಸುಮಾರು 10 ಲಕ್ಷ ರೂಪಾಯಿ. ಪಾತ್ರಗಳು, ಸಂಗೀತ, ದನಿ ಎಲ್ಲಾ ಎಐನಿಂದ ಮಾಡಿದ್ದು ಅಂತ ಚಿತ್ರತಂಡವೇ ಹೇಳಿಕೊಂಡಿತ್ತು. ಸಿನಿಮಾ ಹೇಗಿದೆ ಅನ್ನೋದು ಬೇರೆ ಚರ್ಚೆ. ಆದರೆ 10 ಲಕ್ಷದಲ್ಲಿ ಒಂದು ಸಿನಿಮಾ ಸೆನ್ಸಾರ್ ದಾಟಿ ಹೊರಗೆ ಬರುತ್ತೆ ಅಂದ್ರೆ, ಗಾಂಧಿನಗರದಲ್ಲಿ ಯಾರ ಪರಿಚಯವೂ ಇಲ್ಲದ ಹುಡುಗ ಹುಡುಗಿಯರಿಗೆ ಅದು ಸಣ್ಣ ವಿಷಯ ಅಲ್ಲ. ನಾನೂ ಎಐ ಬಳಸ್ತೀನಿ. ಪಕ್ಕದ ಸೈಟಿನ ಡ್ರಿಲ್ಲಿಂಗ್ ಸದ್ದು ತೆಗೆಯೋದಕ್ಕೆ, ಈ ಬರಹದ ಮೊದಲ ಪ್ರತಿ ಟೈಪ್ ಮಾಡಿಸೋದಕ್ಕೆ. ಮೊದಲು ಅರ್ಧ ದಿನ ಹಿಡೀತಿದ್ದ ಕೆಲಸ ಈಗ ಹತ್ತು ನಿಮಿಷ. ಅದಕ್ಕೆ ನನ್ನ ತಕರಾರಿಲ್ಲ.

ತಕರಾರು ಶುರುವಾಗೋದು ಇಲ್ಲಿ.

ಎಸ್‌ಪಿಬಿ ಸರ್ ತೀರಿಕೊಂಡಿದ್ದು 2020ರ ಸೆಪ್ಟೆಂಬರ್‌ನಲ್ಲಿ. 'ಎದೆ ತುಂಬಿ ಹಾಡುವೆನು' ನೋಡಿ ಬೆಳೆದವರಿಗೆ ಅವರು ಮನೆಯವರ ಥರ. 2023ರಲ್ಲಿ 'ಕೀಡಾ ಕೋಲಾ' ಅನ್ನೋ ತೆಲುಗು ಸಿನಿಮಾ ಬಂತು. ಅದರಲ್ಲಿ ಎಐ ಬಳಸಿ ಅವರ ದನಿ ಮರುಸೃಷ್ಟಿ ಮಾಡಿದ್ದಾರೆ, ನಮ್ಮನ್ನ ಕೇಳಲೇ ಇಲ್ಲ ಅಂತ ಅವರ ಮಗ ಎಸ್.ಪಿ. ಚರಣ್ ಚಿತ್ರತಂಡಕ್ಕೆ ಲೀಗಲ್ ನೋಟಿಸ್ ಕಳಿಸಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 2024ರ ಆರಂಭದಲ್ಲಿ, ತಮಿಳಿನ 'ಲಾಲ್ ಸಲಾಮ್' ಚಿತ್ರಕ್ಕೆ ಎ.ಆರ್. ರೆಹಮಾನ್ ಕೂಡ ಎಐ ಬಳಸಿದರು. 1997ರಲ್ಲಿ ತೀರಿಕೊಂಡ ಶಾಹುಲ್ ಹಮೀದ್, 2022ರಲ್ಲಿ ತೀರಿಕೊಂಡ ಬಂಬಾ ಬಾಕ್ಯ, ಈ ಇಬ್ಬರ ದನಿ ಒಂದು ಹೊಸ ಹಾಡಲ್ಲಿ ಕೇಳಿಸಿತು. ಆದರೆ ಎರಡೂ ಕುಟುಂಬಗಳ ಒಪ್ಪಿಗೆ ಪಡೆದಿದ್ದೀವಿ, ಸಂಭಾವನೆಯನ್ನೂ ಕೊಟ್ಟಿದ್ದೀವಿ ಅಂತ ರೆಹಮಾನ್ ಬಹಿರಂಗವಾಗಿ ಹೇಳಿದರು.

ತಂತ್ರಜ್ಞಾನ ಹೆಚ್ಚುಕಡಿಮೆ ಒಂದೇ. ಒಂದು ಕಡೆ ಕೇಳಿದರು, ಇನ್ನೊಂದು ಕಡೆ ಕೇಳಲಿಲ್ಲ ಅನ್ನೋದು ಜಗಳ.

ಇನ್ನು ಕಾನೂನು. ನಮ್ಮ ಕಾಪಿರೈಟ್ ಕಾಯ್ದೆ 1957ರದ್ದು. ನೀವು ಹಾಡಿದ ಹಾಡಿಗೆ, ಅದರ ರೆಕಾರ್ಡಿಂಗ್‌ಗೆ ಅಲ್ಲಿ ರಕ್ಷಣೆ ಇದೆ. ನೀವು ಹಾಡೇ ಇಲ್ಲದ ಹಾಡಲ್ಲಿ ನಿಮ್ಮ ದನಿ ಬಂದ್ರೆ ಏನು ಅಂತ ಅದು ನೇರವಾಗಿ ಹೇಳೋದಿಲ್ಲ. 2024ರ ಜುಲೈನಲ್ಲಿ ಗಾಯಕ ಅರಿಜಿತ್ ಸಿಂಗ್ ಬಾಂಬೆ ಹೈಕೋರ್ಟ್‌ಗೆ ಹೋಗಿ, ತಮ್ಮ ದನಿಯನ್ನ ಎಐನಲ್ಲಿ ನಕಲು ಮಾಡದ ಹಾಗೆ ಮಧ್ಯಂತರ ಆದೇಶ ತಂದರು. ಒಳ್ಳೇದೇ ಆಯ್ತು. ಆದರೆ ಅವರು ಅರಿಜಿತ್ ಸಿಂಗ್. ಜಾತ್ರೆಯಲ್ಲಿ ಹಾಡೋ ಹುಡುಗಿ ಯಾವ ಹೈಕೋರ್ಟ್ ಮೆಟ್ಟಿಲು ಹತ್ತಬೇಕು?

ನಾನು ಬಿ.ಕಾಂ ಓದಿದವನು. ಅದಕ್ಕೆ ಇದನ್ನ ಲೆಕ್ಕದಲ್ಲೇ ನೋಡ್ತೀನಿ. ಗಣೇಶನ ಹಬ್ಬದಲ್ಲಿ ಆರ್ಕೆಸ್ಟ್ರಾ ಗಾಯಕ ಹತ್ತು ಪೆಂಡಾಲ್‌ನಲ್ಲಿ ಹಾಡಿದ್ರೆ ಹತ್ತು ಪೇಮೆಂಟ್. ಡಬ್ಬಿಂಗ್ ಕಲಾವಿದೆ ಐದು ದಿನ ಮೈಕ್ ಮುಂದೆ ನಿಂತ್ರೆ ಐದು ದಿನದ ಪೇಮೆಂಟ್. ದನಿ ಯಾವಾಗಲೂ ಆ ಮನುಷ್ಯನ ಜೊತೆಗೇ ಮನೆಗೆ ವಾಪಸ್ ಹೋಗ್ತಿತ್ತು. ಈಗ ಒಂದು ಸಲ ರೆಕಾರ್ಡ್ ಮಾಡಿಕೊಂಡ್ರೆ ಮುಂದಿನ ಸಾವಿರ ಗಂಟೆ ಮಾತಾಡಿಸೋದಕ್ಕೆ ಕಂಪನಿಗೆ ಹೆಚ್ಚುಕಡಿಮೆ ಖರ್ಚೇ ಇಲ್ಲ. ಊರಲ್ಲಿ ಹೊಲ ಇರೋರಿಗೆ ಇದು ಥಟ್ ಅಂತ ಅರ್ಥ ಆಗುತ್ತೆ. ಹೊಲ ಗುತ್ತಿಗೆಗೆ ಕೊಡೋದು ಬೇರೆ, ಕ್ರಯ ಮಾಡ್ಕೊಡೋದು ಬೇರೆ. ಇಲ್ಲಿವರೆಗೂ ದನಿಯನ್ನ ಗುತ್ತಿಗೆಗೆ ಕೇಳ್ತಿದ್ರು. ಈಗ ಕ್ರಯಕ್ಕೆ ಕೇಳ್ತಿದ್ದಾರೆ, ಅದೂ ಗುತ್ತಿಗೆ ರೇಟಲ್ಲಿ.

ಉದಾಹರಣೆಗೆ ದೂರ ಹೋಗೋದು ಬೇಡ. ಎರಡು ತಿಂಗಳ ಹಿಂದೆ ಒಂದು ಕಂಪನಿಯಿಂದ ನನಗೇ ಮೇಲ್ ಬಂತು. ಹದಿನೈದು ಗಂಟೆ ಕನ್ನಡ ಓದಿ ರೆಕಾರ್ಡ್ ಮಾಡಿಕೊಡಬೇಕು. ಅವರು ಹೇಳಿದ ಮೊತ್ತ, ಈ ಪಾಡ್‌ಕಾಸ್ಟಿಂದ ನನಗೆ ಏಳು ತಿಂಗಳಲ್ಲಿ ಬರೋ ಹಣ. ಒಪ್ಪಂದದ ಆರನೇ ಪುಟದಲ್ಲಿ ಹೀಗಿತ್ತು: ಶಾಶ್ವತವಾಗಿ, ಜಗತ್ತಿನ ಎಲ್ಲ ಕಡೆ, ಈಗಿರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮಗಳಲ್ಲಿ, ಹಿಂಪಡೆಯಲಾಗದಂತೆ. ಮೂರು ವರ್ಷದ ಅವಧಿ ಹಾಕಿ, ಜಾಹೀರಾತಿಗೆ ಬಳಸೋ ಮುಂಚೆ ಕೇಳಿ ಅಂದೆ. ಆಗಲ್ಲ ಅಂದ್ರು. ಬೇಡ ಅಂದೆ.

ಅಮ್ಮನಿಗೆ ಸಿಟ್ಟು ಬಂತು. "ಬಾಡಿಗೆ ಕಟ್ಟೋಕೆ ಒದ್ದಾಡ್ತೀಯ, ಬರೋ ದುಡ್ಡು ಯಾಕೋ ಬೇಡ ಅಂದೆ?" ಅಂದ್ರು. "ಅಮ್ಮ, ನಾಳೆ ಯಾವುದೋ ಲೋನ್ ಆ್ಯಪ್ ಜಾಹೀರಾತಲ್ಲಿ ನನ್ನ ದನಿ ಬರುತ್ತೆ. ನಾನೇ ಹೇಳ್ತಿದ್ದೀನಿ ಅಂದ್ಕೊಂಡು ನೀನೇ ಡೌನ್‌ಲೋಡ್ ಮಾಡ್ಕೋತೀಯ," ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೂ ಏಳು ತಿಂಗಳ ದುಡ್ಡು ಕಣೋ" ಅಂದ್ರು. ಅದೂ ನಿಜವೇ. ಬೇಡ ಅನ್ನೋ ಅನುಕೂಲ ಎಲ್ಲರಿಗೂ ಇರಲ್ಲ. ನನಗೆ ಮದುವೆ ಆಗಿಲ್ಲ, ತಲೆ ಮೇಲೆ ಸಾಲ ಇಲ್ಲ.

ಕನ್ನಡದಲ್ಲಿ ಇದು ಇನ್ನೊಂದು ಕಾರಣಕ್ಕೂ ಮುಖ್ಯ. ಕನ್ನಡಕ್ಕೆ ಡಬ್ಬಿಂಗ್ ಮಾಡೋ ಬಾಗಿಲು ದಶಕಗಳ ಕಾಲ ಮುಚ್ಚಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ನಿಧಾನಕ್ಕೆ ತೆರೀತು. ಬೇರೆ ಭಾಷೆಯ ಸಿನಿಮಾ, ಸೀರಿಯಲ್‌ಗಳಿಗೆ ಕನ್ನಡ ದನಿ ಕೊಟ್ಟು ಬದುಕೋದು ಇಲ್ಲಿ ಇನ್ನೂ ಎಳೇ ಕಸುಬು. ಆ ಕಸುಬು ಬೇರು ಬಿಡೋ ಮುಂಚೆ ಯಂತ್ರ ಬಂದು ನಿಂತಿದೆ. ಆ ಯಂತ್ರ ಮಾತಾಡೋ ಕನ್ನಡವಾದರೂ ಎಂಥದ್ದು? ನಾನು ಕೇಳಿದ್ದರಲ್ಲಿ ಬಹುಪಾಲು ವಾರ್ತೆ ಓದಿದ ಹಾಗಿತ್ತು. ಹುಬ್ಬಳ್ಳಿಯ "ಹೌದ್ರೀ", ಮಂಗಳೂರಿನ "ಎಂತ ಮಾರಾಯ", ಮಂಡ್ಯದ "ಏನ್ಲಾ" ಅದರ ಬಾಯಲ್ಲಿ ಇನ್ನೂ ಹೊಂದಿಲ್ಲ. ಕಲಿಯೋಕೆ ಅದಕ್ಕೆ ನಮ್ಮ ಊರಿನವರ ದನಿಯೇ ಬೇಕು. ಅಂದ್ರೆ ಮಾರ್ಕೆಟ್‌ನಲ್ಲಿ ಬೇಡಿಕೆ ಇರೋ ಸರಕು ಸದ್ಯಕ್ಕೆ ನಮ್ಮ ಕೈಯಲ್ಲಿದೆ. ಚೌಕಾಸಿ ಮಾಡೋ ಸಮಯ ಇದೇ.

ಚೌಕಾಸಿ ಮಾಡಿದ್ರೆ ಸಿಗುತ್ತಾ? 2023ರಲ್ಲಿ ಹಾಲಿವುಡ್ ನಟರ ಸಂಘ 118 ದಿನ ಮುಷ್ಕರ ಮಾಡಿತು. ನಟರ ಡಿಜಿಟಲ್ ಪ್ರತಿರೂಪ ಮಾಡಬೇಕಂದ್ರೆ ಒಪ್ಪಿಗೆ ಬೇಕು, ಹಣ ಕೊಡಬೇಕು ಅನ್ನೋ ಷರತ್ತು ಅವರ ಹೊಸ ಒಪ್ಪಂದದಲ್ಲಿ ಸೇರಿತು. ಅವರ ಹಿಂದೆ ದೊಡ್ಡ ಸಂಘ ಇತ್ತು. ನಮಗೆ ಸದ್ಯಕ್ಕೆ ಪೆನ್ನು ಇದೆ. ಸಹಿ ಹಾಕೋ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಎಷ್ಟು ವರ್ಷಕ್ಕೆ? ಯಾವ ಯಾವ ಕೆಲಸಕ್ಕೆ? ಪ್ರತಿ ಸಲ ಬಳಸಿದಾಗಲೂ ಹಣ ಬರುತ್ತಾ, ಒಂದೇ ಸಲವಾ? ನಾಳೆ ಬೇಡ ಅನ್ನಿಸಿದ್ರೆ ನನ್ನ ದನಿ ತೆಗೀತೀರಾ? ಉತ್ತರ ಬಾಯಿಮಾತಲ್ಲಿ ಬೇಡ, ಕಾಗದದ ಮೇಲೆ ತಗೊಳ್ಳಿ.

ನಿಮಗೆ ಗೊತ್ತಿರೋ ಆರ್‌ಜೆ, ಡಬ್ಬಿಂಗ್ ಕಲಾವಿದರು, ಆರ್ಕೆಸ್ಟ್ರಾದಲ್ಲಿ ಹಾಡೋ ಗೆಳೆಯರು ಯಾರಾದ್ರೂ ಇದ್ರೆ ಈ ಎಪಿಸೋಡ್ ಅವರಿಗೆ ಕಳಿಸಿ. ಸಹಿ ಹಾಕೋ ಮುಂಚೆ ತಲುಪಿದ್ರೆ ಸಾಕು. ಮುಂದಿನ ವಾರ ಸಿಗೋಣ.